ಎಂಟು ತಂತಿಗಳಲ್ಲಿ ನಾಲ್ಕು

ಮೊನ್ನೆ ಬೀಸಿದ ಗಾಳಿಗೆ ನಮ್ಮ ಯಲಹಂಕದ ಮನೆಯ ಮಲ್ಲಿಗೆ ಬಳ್ಳಿ ಕಾಂಪೌಂಡಿನಿಂದ ಕಳಚಿಕೊಂಡು ನೆಲಕ್ಕೆ ಬಿತ್ತು. ಎತ್ತಿ ಕಟ್ಟಲು ಏನಾದರೂ ಸಿಗುತ್ತದೆಯೇ ಎಂದು ಅಟ್ಟದ ಮೇಲೆ ತಡಕಾಡಿದೆ. ಕೈಗೆ ಬಂದದ್ದು ಬೂದು ಬಣ್ಣದ, ಒಂದು ಮಾರುದ್ದದ ಕಂಪ್ಯೂಟರ್ ಕೇಬಲ್. ಕತ್ತರಿಯಿಂದ ತುಂಡು ಮಾಡಿದೊಡನೆ ಒಳಗಿಂದ ಬಣ್ಣಬಣ್ಣದ ತಂತಿಗಳು ಇಣುಕಿದವು. ಕಿತ್ತಳೆ, ಹಸಿರು, ನೀಲಿ, ಕಂದು. ಒಂದೊಂದಕ್ಕೂ ಬಿಳಿಯ ಜೊತೆಗಾರ. ಎಣಿಸಿದೆ. ಎಂಟು. ಮತ್ತೆ ಎಣಿಸಿದೆ.

"ಬಳ್ಳಿ ಕಟ್ಟಿ ಅಂದ್ರೆ ತಂತಿ ಎಣಿಸ್ತಾ ಕೂತಿದೀರಲ್ರೀ!" ಎಂದಳು ಹೆಂಡತಿ.

ಅವಳು ಹೇಳುವುದೂ ಸರಿಯೆ. ಆದರೆ ತಂತಿ, ದಾರ, ಹಗ್ಗ ಇವುಗಳ ಒಳಗೇನಿದೆ ಎಂದು ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಎರಡು ಖಾಲಿ ಬೆಂಕಿಪೊಟ್ಟಣಗಳಿಗೆ ದಾರ ಕಟ್ಟಿ ನಾನೂ ನನ್ನ ತಂಗಿಯೂ ಟೆಲಿಫೋನು ಮಾಡಿಕೊಂಡಿದ್ದೆವು. ಅವಳು ಅಡುಗೆಮನೆಯ ಕಿಟಕಿಯಲ್ಲಿ, ನಾನು ಬಚ್ಚಲ ಹಿಂದೆ. ಅವಳು ಪಿಸುಗುಟ್ಟಿದ್ದು ನನ್ನ ಕಿವಿಯಲ್ಲಿ ಗುಯ್‌ಗುಟ್ಟುತ್ತಿತ್ತು. ಒಂದು ಮಧ್ಯಾಹ್ನ ನನಗೆ ಬಲವಾದ ಅನುಮಾನ ಬಂತು: ಈ ಮಾತು ದಾರದಲ್ಲಿ ಎಲ್ಲಿ ಕೂತಿರುತ್ತದೆ? ಅವಳು ಮಾತಾಡುತ್ತಿರುವಾಗಲೇ ಅಪ್ಪನ ಕ್ಷೌರದ ಬ್ಲೇಡಿನಿಂದ ದಾರ ಕತ್ತರಿಸಿ ನೋಡಿದೆ. ಒಳಗೆ ಏನೂ ಇರಲಿಲ್ಲ. ತಂಗಿ ಬಂದು ಬೆನ್ನಿಗೆ ಎರಡು ಗುದ್ದಿದಳು. ಪ್ರಶ್ನೆ ಮಾತ್ರ ಹಾಗೇ ಉಳಿದುಕೊಂಡಿತು.

ಅದು ಮತ್ತೆ ತಲೆಯೆತ್ತಿದ್ದು ಯಶವಂತಪುರದ ಮುದ್ರಣಾಲಯದಲ್ಲಿ. ಅಲ್ಲಿ ನಾನು ಕರಡು ತಿದ್ದುವವನಾಗಿದ್ದೆ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವನಲ್ಲ. ಆದರೂ ಕೆಂಪು ಪೆನ್ನು ಹಿಡಿದು ಇನ್ನೊಬ್ಬರ ಬರಹಕ್ಕೆ ಗೀಟು ಹಾಕುತ್ತಿದ್ದುದರಿಂದ ಎಲ್ಲರಿಗೂ ನಾನು 'ಮೇಷ್ಟ್ರು'. ನನ್ನ ಮೇಜು ಎರಡನೆಯ ಮಹಡಿಯಲ್ಲಿ, ಪುಟ ವಿನ್ಯಾಸ ಮಾಡುವ ಪುಷ್ಪಾಳ ಪಕ್ಕದಲ್ಲಿ. ಅಚ್ಚಿನ ಯಂತ್ರವಿದ್ದದ್ದು ನೆಲಮಹಡಿಯಲ್ಲಿ. ಪುಷ್ಪಾ ಜೋಡಿಸಿ ನಾನು ತಿದ್ದಿದ ಪುಟಗಳು ಕೇಬಲ್ಲಿನ ಮೂಲಕ ಕೆಳಗಿನ ಕಂಪ್ಯೂಟರಿಗೆ ಇಳಿಯುತ್ತಿದ್ದವು. ಅಲ್ಲಿ ಅವು ತೆಳು ಲೋಹದ ಪ್ಲೇಟಾಗಿ ಯಂತ್ರಕ್ಕೇರುತ್ತಿದ್ದವು. ಯಂತ್ರ ಓಡಿಸುವವನು ಮುನಿಯಪ್ಪ.

ಮುನಿಯಪ್ಪ ಬಾಗಲೂರಿನವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಬಹಳ ವರ್ಷ ಆ ಯಂತ್ರದ ಪಕ್ಕದಲ್ಲೇ ನಿಂತು ಅವನ ಎಡಗಿವಿ ಪೂರ್ತಿ ಮಂದವಾಗಿತ್ತು. ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಕೇಳಿಸುತ್ತಿತ್ತು, ಅದೂ ಯಂತ್ರ ನಿಂತಿದ್ದರೆ. ಫೋನು ಅವನ ಪಾಲಿಗೆ ಇದ್ದೂ ಇಲ್ಲದ ವಸ್ತು.

ಇದರಿಂದ ನನಗೊಂದು ತಾಪತ್ರಯವಿತ್ತು. ಕರಡಿನಲ್ಲಿ ಹತ್ತು ಸಲ ನೋಡಿದರೂ ಕಾಣದ ತಪ್ಪು, ಕೆಳಗೆ ಯಂತ್ರ ಗಡಗಡ ಶುರುವಾದ ಕೂಡಲೇ ಕಣ್ಣಿಗೆ ರಾಚುತ್ತದೆ. ಇದು ಈ ಕಸುಬಿನ ಶಾಪ. ಒಮ್ಮೆ ಒಂದು ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿರಬೇಕಾದ ಜಾಗದಲ್ಲಿ ಅವನ ಮಾವನ ಹೆಸರು ಕೂತಿತ್ತು. ನಾನು ಅದನ್ನು ಕಂಡದ್ದು ಅಚ್ಚು ಶುರುವಾದ ಮೇಲೆ. ಮೆಟ್ಟಿಲ ಬಾಯಲ್ಲಿ ನಿಂತು ಕೂಗಿದೆ. ಯಂತ್ರದ ಸದ್ದಿನ ಮುಂದೆ ನನ್ನ ಕೂಗು ಎಲ್ಲಿಗೆ ಸಾಲಬೇಕು? ಓಡಿದೆ. ಮೊದಲನೆಯ ತಿರುವಿನಲ್ಲಿ ಕಾಲು ಹೊರಳಿ ಕೂತುಬಿಟ್ಟೆ. ಯಾರೋ ಬಂದು ನನ್ನನ್ನು ಎಬ್ಬಿಸುವ ಹೊತ್ತಿಗೆ ಕೆಳಗೆ ಮಾವನವರ ಮದುವೆ ಕೊನೆಯ ಹಾಳೆಯವರೆಗೂ ಸಾಂಗವಾಗಿ ನೆರವೇರಿತ್ತು.

ಆ ವಾರ ಪ್ರೆಸ್ಸಿಗೆ ಕಂಪ್ಯೂಟರ್ ಕೇಬಲ್ ಎಳೆಯುತ್ತಿದ್ದವರು ಕರೀಂ ಸಾಬರು. ಮೂಲತಃ ಎಲೆಕ್ಟ್ರಿಷಿಯನ್. ಕಂಪ್ಯೂಟರ್ ಬಂದಮೇಲೆ ಅದರ ತಂತಿಯ ಕೆಲಸವನ್ನೂ ಕಲಿತುಕೊಂಡಿದ್ದರು. ಪಟ್ಟಿ ಸುತ್ತಿದ ನನ್ನ ಪಾದ ನೋಡಿ ಅವರು, "ಮೇಷ್ಟ್ರೇ, ನೀವು ಓಡ್ಬೇಡಿ. ನಿಮ್ಗೊಂದು ಬಟನ್ ಕೊಡ್ತೀನಿ" ಎಂದರು. ಎರಡು ದಿನದಲ್ಲಿ ನನ್ನ ಮೇಜಿನ ಅಂಚಿಗೆ ಕರೆಗಂಟೆಯ ಗುಂಡಿಯೊಂದು ಬಂತು. ಅದನ್ನು ಒತ್ತಿದರೆ ಕೆಳಗೆ ಮುನಿಯಪ್ಪನ ಕಣ್ಣೆದುರು ಆಟೋರಿಕ್ಷಾದ ಇಂಡಿಕೇಟರ್ ಬಲ್ಬು ಹತ್ತುತ್ತಿತ್ತು. ಬಲ್ಬು ಕಂಡರೆ ಅವನು ಯಂತ್ರ ನಿಲ್ಲಿಸಬೇಕು. ಅಷ್ಟೇ ಒಪ್ಪಂದ. ಆ ಗುಂಡಿಯ ತಂತಿ ಯಾವ ದಾರಿಯಲ್ಲಿ ಕೆಳಗೆ ಹೋಗುತ್ತದೆ ಎಂದು, ದಾರ ಕತ್ತರಿಸಿ ನೋಡಿದ ನಾನು, ಆಗ ಕೇಳಲೇ ಇಲ್ಲ. ಕಾಲು ನೋಯುತ್ತಿತ್ತು.

ವರ್ಷಗಳು ಕಳೆದವು. ಗೊರಗುಂಟೆಪಾಳ್ಯದ ಕಡೆಗೆ ಮೆಟ್ರೋ ಓಡಲು ಶುರುವಾದ ಹೊಸದರಲ್ಲಿ ನಮ್ಮ ಯಜಮಾನ ಶೇಖರ್ ಒಂದು ದೊಡ್ಡ ಕೆಲಸ ಹಿಡಿದು ತಂದ. ಮಕ್ಕಳಿಗಾಗಿ ಕನ್ನಡದ ಭೂಪಟ ಪುಸ್ತಕ. ಒಂದೊಂದು ನಕ್ಷೆಯ ಫೈಲೂ ಆನೆಯಂಥದು. ಮೇಲಿಂದ ಕೆಳಗೆ ಕಳಿಸಿದರೆ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಪುಷ್ಪಾ ಅದಕ್ಕೆ ಕಳಿಸು ಅಂತ ಹೇಳಿ, ಕೆಳಗಿಳಿದು ಕಾಫಿ ಕುಡಿದು, ಹೂವು ಕೊಂಡು ಬಂದರೂ ಪಟ್ಟಿ ಅರ್ಧದಲ್ಲೇ ಇರುತ್ತಿತ್ತು.

"ಹಳೇ ಸ್ಪೀಡು ಮೇಷ್ಟ್ರೇ. ಹತ್ತರಷ್ಟು ಜಾಸ್ತಿ ಮಾಡ್ಬೋದಂತೆ. ಕಂಪ್ಯೂಟರ್‌ಗಳೆಲ್ಲ ರೆಡಿ ಇವೆ, ನಡುವೆ ಕೇಬಲ್‌ಗಳೆಲ್ಲ ಬಂದು ಸೇರೋ ಪೆಟ್ಟಿಗೆ ಬದಲಾಯಿಸಿದ್ರೆ ಸಾಕು ಅಂದ್ರು" ಎಂದ ಶೇಖರ್.

ಪೆಟ್ಟಿಗೆ ಬದಲಾಯಿಸಲು ಬಂದವಳು ಕರೀಂ ಸಾಬರ ಮಗಳು ರೆಹಾನಾ. ಅಪ್ಪ ಮಂಡಿನೋವಿನಿಂದ ಏಣಿ ಹತ್ತುವುದನ್ನು ಬಿಟ್ಟಿದ್ದರು. ಡಿಪ್ಲೊಮಾ ಓದಿದ ಮಗಳು ಅವರ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಬೆನ್ನಿಗೆ ಚೀಲ, ಕೈಯಲ್ಲಿ ಅಂಗೈಯಗಲದ ಪರೀಕ್ಷಾ ಯಂತ್ರ. ಕೆಲಸಕ್ಕೆ ನಿಂತಳೆಂದರೆ ಮಾತು ಕಡಿಮೆ. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ನನ್ನ ಕರಡು ಹಾಗೇ ಬಿದ್ದಿತ್ತು.

ಹಳೆಯ ಪೆಟ್ಟಿಗೆ ಕಳಚಿ ಹೊಸತನ್ನು ಕೂರಿಸಿ, ಕೇಬಲ್ಲುಗಳನ್ನು ಒಂದೊಂದಾಗಿ ಚುಚ್ಚಿದಳು. ಚುಚ್ಚಿದ ಕಡೆಯಲ್ಲೆಲ್ಲ ಪುಟ್ಟ ಹಸಿರು ದೀಪ ಹತ್ತುತ್ತ ಹೋಯಿತು. ಹಸಿರೆಂದರೆ ಹೊಸ ವೇಗ. ಕಟ್ಟಕಡೆಯದರಲ್ಲಿ ಮಾತ್ರ ಕಿತ್ತಳೆ ಬಣ್ಣ. ಅದು ಕೆಳಗಿನ ಪ್ಲೇಟು ಕೋಣೆಗೆ ಹೋಗುವ ಕೇಬಲ್. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ, ಅದೇ.

ರೆಹಾನಾ ತೆಗೆದು ಮತ್ತೆ ಚುಚ್ಚಿದಳು. ಕಿತ್ತಳೆ. ಕೆಳಗೆ ಹೋಗಿ ಬಂದಳು. ಕಿತ್ತಳೆ. ಆಮೇಲೆ ಸ್ಕ್ರೂಡ್ರೈವರಿನಿಂದ ಗೋಡೆಯ ಡಬ್ಬಿ ಬಿಚ್ಚಿದಳು. "ಅಯ್ಯೋ" ಎಂದಳು.

"ಏನಮ್ಮಾ?"

"ನೋಡಿ ಸರ್. ಎಂಟ್ ವೈರಲ್ಲಿ ನಾಲ್ಕೇ ನಾಲ್ಕು ಇಲ್ಲಿಗೆ ಬಂದಿದೆ. ಇನ್ನು ನಾಲ್ಕನ್ನ ಕತ್ತರ್ಸಿ ಬೇರೆ ಎಲ್ಲಿಗೋ ತಗೊಂಡ್ ಹೋಗಿದಾರೆ. ಯಾವ ಪುಣ್ಯಾತ್ಮ ಸರ್ ಇದು ಮಾಡಿದ್ದು?"

"ನಾಲ್ಕೇ ಇದ್ದರೂ ಇಷ್ಟು ವರ್ಷ ನಡೀತಲ್ಲ?"

ಅವಳು ತಿರುಗಿ ನನ್ನನ್ನು ನೋಡಿದಳು. ಇಂಥ ಪ್ರಶ್ನೆ ಕೇಳುವವರು ಅವಳಿಗೆ ಹೆಚ್ಚು ಸಿಕ್ಕಿರಲಿಲ್ಲವೇನೋ, ನೆಲದ ಮೇಲೇ ಕೂತು ಹೇಳತೊಡಗಿದಳು. "ಹಳೇ ಸ್ಪೀಡಿಗೆ ನಾಲ್ಕೇ ಸಾಕು ಸರ್. ಎರಡು ಹೋಗೋಕೆ, ಎರಡು ಬರೋಕೆ. ಇನ್ನು ನಾಲ್ಕು ಕೇಬಲ್ ಒಳಗೆ ಸುಮ್ನೆ ಮಲಗಿರುತ್ತೆ. ಹೊಸ ಸ್ಪೀಡಿಗೆ ಎಂಟೂ ಬೇಕು. ಎಂಟರಲ್ಲೂ ಒಟ್ಟೊಟ್ಟಿಗೆ ಹೋಗುತ್ತೆ, ಒಟ್ಟೊಟ್ಟಿಗೆ ಬರುತ್ತೆ."

"ಒಂದೇ ತಂತಿಯಲ್ಲಿ ಹೋಗೋದೂ ಬರೋದೂ ಎದುರಾದ್ರೆ?"

"ತಾನು ಕಳಿಸಿದ್ದು ಏನು ಅಂತ ಅದಕ್ಕೆ ಗೊತ್ತಿರುತ್ತಲ್ಲ ಸರ್. ಅದನ್ನ ಕಳೆದುಬಿಡುತ್ತೆ. ಉಳಿದದ್ದು ಆ ಕಡೆಯವರ ಮಾತು."

ನಾನು ಬೆರಗಾಗಿ ಕೂತೆ. ಮನುಷ್ಯರಿಗೆ ಇದು ಬಂದಿದ್ದರೆ ಎಷ್ಟೊಂದು ಜಗಳ ಉಳಿಯುತ್ತಿತ್ತು! ತಂತಿಗಳನ್ನು ಎರಡೆರಡಾಗಿ ಜಡೆಯ ಹಾಗೆ ಹೊಸೆದಿರುವುದೇಕೆ ಎಂದು ಕೇಳಿದೆ. ಅಕ್ಕಪಕ್ಕದ ಗದ್ದಲ ತಾಗದಿರಲಿ ಎಂದು, ಎಂದಳು. ಇನ್ನೂ ಕೇಳುವುದಿತ್ತು. ಅಷ್ಟರಲ್ಲಿ ಅವಳು ಡಬ್ಬಿಯೊಳಗೆ ಬೆರಳು ಹಾಕಿ, ಕತ್ತರಿಸಿದ ನಾಲ್ಕು ತಂತಿಗಳನ್ನು ಬೇರೆ ವೈರಿಗೆ ಜೋಡಿಸಿದ್ದ ಗಂಟನ್ನು ಹೊರಗೆಳೆದಳು. ಟೇಪಿನ ಮೇಲೆ ಸೈಕಲ್ ಟ್ಯೂಬಿನ ಸಣ್ಣ ರಬ್ಬರ್ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಮೊಬೈಲ್ ತೆಗೆದು ಅಪ್ಪನಿಗೆ ಕರೆಮಾಡಿ ಸ್ಪೀಕರಿಗೆ ಹಾಕಿದಳು.

"ಅಬ್ಬಾ, ಯಶವಂತಪುರ ಪ್ರೆಸ್ಸಲ್ಲಿದ್ದೀನಿ. ಇಲ್ಲಿ ಗೋಡೆಯೊಳಗೆ ಸೈಕಲ್ ಟ್ಯೂಬ್ ಸುತ್ತಿರೋ ಜಾಯಿಂಟ್ ಇದೆ."

ಆ ಕಡೆಯಿಂದ ಕರೀಂ ಸಾಬರ ದನಿ ಗಾಬರಿಯಿಂದ ಕೇಳಿತು. "ಕೆಟ್ಟೋಯ್ತಾ?"

"ಇಲ್ಲ. ಗಟ್ಟಿಯಾಗೇ ಇದೆ."

"ಹಾಂ! ಮತ್ತೆ?" ಎಂದರು. ಆ 'ಮತ್ತೆ'ಯಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಮಗಳು ನಕ್ಕುಬಿಟ್ಟಳು. "ಅದು ಮೇಷ್ಟ್ರ ಬಲ್ಬಿನ ವೈರು. ಆ ಪೈಪಲ್ಲಿ ಇನ್ನೊಂದು ವೈರ್ ಹೋಗ್ತಾ ಇರ್ಲಿಲ್ಲ. ಕೇಬಲ್ ಒಳಗೆ ನಾಲ್ಕು ಸುಮ್ನೆ ಇತ್ತಲ್ಲ, ಅದ್ರಲ್ಲೇ ಬಿಟ್ಟೆ. ಮೇಷ್ಟ್ರು ಇದ್ದಾರಾ ಅಲ್ಲಿ? ಕಾಲು ಹ್ಯಾಗಿದೆ ಕೇಳು."

ಕಾಲು ಚೆನ್ನಾಗಿದೆ ಎಂದು ನಾನೇ ಕೂಗಿ ಹೇಳಿದೆ. ಪ್ರೆಸ್ಸಿನ ಹೊಸ ವೇಗಕ್ಕೆ ಅಡ್ಡ ಮಲಗಿರುವುದು ನನ್ನ ಬಲ್ಬೇ ಎಂಬುದು ಆಗ ತಿಳಿಯಿತು.

ರೆಹಾನಾ ಹೊಸ ಕೇಬಲ್ ತೂರಿಸಲು ಮಧ್ಯಾಹ್ನವೆಲ್ಲ ಒದ್ದಾಡಿದಳು. ಗೋಡೆಯೊಳಗಿನ ಪೈಪಿನ ತಿರುವಿನಲ್ಲಿ ಸಿಮೆಂಟು ಕಚ್ಚಿಕೊಂಡಿತ್ತು. ಇದ್ದ ಕೇಬಲ್ ಅಲ್ಲಾಡಲಿಲ್ಲ, ಇನ್ನೊಂದು ನುಗ್ಗಲಿಲ್ಲ. ಹೊರಗಿನಿಂದ ಎಳೆಯೋಣವೆಂದರೆ ಆ ಗೋಡೆಗೆ ಪಕ್ಕದ ಕಟ್ಟಡ ಅಂಟಿಕೊಂಡಿತ್ತು. ಮೆಟ್ಟಿಲ ಬದಿಯ ಗೋಡೆಗೆ ಪಟ್ಟಿ ಹೊಡೆದು ಕೇಬಲ್ ತರಬೇಕೆಂದರೆ ಎರಡು ದಿನ ಪ್ರೆಸ್ಸು ನಿಲ್ಲಿಸಬೇಕು. ಭೂಪಟಕ್ಕೆ ಅಷ್ಟು ವ್ಯವಧಾನವಿರಲಿಲ್ಲ.

"ಎಂಟೂ ಕಂಪ್ಯೂಟರಿಗೇ ಕೊಟ್ಬಿಡಮ್ಮ" ಎಂದ ಶೇಖರ್. ಆಮೇಲೆ ನನ್ನ ಮುಖ ನೋಡಿ, "ಮೇಷ್ಟ್ರೇ, ನಿಮ್ಗೆ ವೈರ್ ಇಲ್ದಿರೋ, ಲೈಟ್ ಹತ್ತೋ ಬೆಲ್ ಹಾಕಿಸ್ತೀನಿ. ಮುಂದಿನ ವಾರ ಬರುತ್ತೆ. ಅಲ್ಲಿವರೆಗೂ ತಪ್ಪೇ ಮಾಡ್ಬೇಡಿ, ಆಯ್ತಾ?" ಎಂದ.

ರೆಹಾನಾ ಅಪ್ಪನ ಗಂಟನ್ನು ಬಿಚ್ಚಿದಳು. ಕತ್ತರಿಸಲಿಲ್ಲ, ಉಗುರಿನಿಂದ ಒಂದೊಂದೇ ಸುತ್ತು ಬಿಚ್ಚಿ ರಬ್ಬರ್ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು. ಮೇಲೂ ಕೆಳಗೂ ಎಂಟು ತಂತಿಗಳನ್ನೂ ಸಾಲಾಗಿ ಕೂರಿಸಿ ಒತ್ತಿದಳು. ಹಸಿರು ದೀಪ ಹತ್ತಿತು. ಪುಷ್ಪಾ ಒಂದು ನಕ್ಷೆ ಕಳಿಸಿ ನೋಡಿದಳು. ಅವಳು ಕಾಫಿಗೆ ಏಳಲು ಕುರ್ಚಿ ಹಿಂದೆ ಸರಿಸುವಷ್ಟರಲ್ಲಿ ಮುಗಿದಿತ್ತು. "ಇನ್ಮೇಲೆ ನನ್ ಕಾಫಿಗೆ ಕಲ್ಲು ಬಿತ್ತು" ಎಂದಳು.

ನಾನು ಕೆಳಗಿಳಿದು ಮುನಿಯಪ್ಪನ ಬಲಗಿವಿಗೆ ಸುದ್ದಿ ಹೇಳಿದೆ. "ಇನ್ನೊಂದು ವಾರ ಬಲ್ಬ್ ಹತ್ತಲ್ಲ ಮುನಿಯಪ್ಪ."

ಅವನು ಬಲ್ಬಿನ ಕಡೆ ನೋಡಿದ. "ಆಯ್ತು ಬುಡಿ ಸಾ. ಅಂಗಾದ್ರೆ ನೋಡ್ಕಂಡು ಓಡುಸ್ಬೇಕು" ಎಂದ. ಯಂತ್ರದ ವಿಷಯ ಹೇಳುತ್ತಿದ್ದಾನೆ ಎಂದುಕೊಂಡೆ.

ಮೂರನೆಯ ದಿನ ಕರ್ನಾಟಕದ ನದಿಗಳ ನಕ್ಷೆ ಅಚ್ಚಿಗೆ ಹೋಯಿತು. ಪ್ಲೇಟಾಗಿ ಯಂತ್ರಕ್ಕೂ ಏರಿ ಸದ್ದು ಶುರುವಾಯಿತು. ನಾನು ಮೇಲೆ ನನ್ನ ಪ್ರತಿಯನ್ನು ಮಡಿಸಿಡುವ ಮುನ್ನ ಸುಮ್ಮನೆ ಕಣ್ಣಾಡಿಸಿದೆ. ನಂದಿಬೆಟ್ಟದಿಂದ ಇಳಿಯುವ ಎರಡು ನೀಲಿ ಗೆರೆಗಳು. ಪಡುವಣದ ಗೆರೆಯ ಪಕ್ಕ ದಕ್ಷಿಣ ಪಿನಾಕಿನಿ ಎಂದಿತ್ತು, ಮೂಡಣದ ಗೆರೆಯ ಪಕ್ಕ ಅರ್ಕಾವತಿ. ಅದಲು ಬದಲು! ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಒತ್ತಿದೆ. ಯಂತ್ರ ಗಡಗಡ ಎನ್ನುತ್ತಲೇ ಇತ್ತು. ಮತ್ತೆ ಒತ್ತಿದೆ. ಆಮೇಲೆ ನೆನಪಾಯಿತು.

ಓಡಿದೆ. ಈ ಸಲ ತಿರುವಿನಲ್ಲಿ ಕಂಬಿ ಹಿಡಿದುಕೊಂಡೆ. ಮೊದಲನೆಯ ಮಹಡಿ ದಾಟುವಾಗ ಕೆಳಗಿನ ಸದ್ದು ಇದ್ದಕ್ಕಿದ್ದಂತೆ ಸಣ್ಣದಾಯಿತು, ನಿಂತೇಹೋಯಿತು. ಅಚ್ಚು ಮುಗಿದೇಹೋಯಿತೇ ಎಂದುಕೊಂಡು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ.

ಮುನಿಯಪ್ಪ ಸ್ಟೂಲಿನ ಮೇಲೆ ಕೂತು ಹಳೆಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ತೊಡೆಯ ಮೇಲೆ ಒಂದು ಹಸಿ ಹಾಳೆ.

"ಬಂದ್ರಾ ಸಾ? ನೀವ್ ಬರ್ಲಿ ಅಂತ್ಲೇ ಕುಂತಿದ್ದೆ" ಎಂದು ಹಾಳೆಯನ್ನು ನನ್ನತ್ತ ತಿರುಗಿಸಿದ. "ಅರ್ಕಾವತಿ ನಮ್ ಕಡೆ ಎಲ್ ಬಂತು? ಅದು ಎಸರಘಟ್ಟದ ಕಡೆ ಓಯ್ತದೆ. ಒಸಕೋಟೆ ಕಡೆ ಬರೋದು ಪಿನಾಕಿನಿ."

ನಾನು ಏದುಸಿರು ಬಿಡುತ್ತ ಅವನ ಪಕ್ಕದ ಕಾಗದದ ಕಟ್ಟಿನ ಮೇಲೆ ಕೂತೆ. "ನೀವು ಓದ್ತೀರಾ?"

"ಏಳ್ನೇ ಕ್ಲಾಸು ಸಾ. ಆಮ್ಯಾಕೆ ಯಜಮಾನ್ರ ತಂದೆ ಕಾಲದಾಗೆ ಇಲ್ಲೇ ಮೊಳೆ ಜೋಡುಸ್ತಿದ್ದೆ. ತಲೆಕೆಳಗಾಗಿರೋದ್ನೇ ಓದಿ ಅಭ್ಯಾಸ. ಇದೇನ್ ಮಹಾ."

ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಾಣುವಂತೆ ಹಿಮ್ಮೊಗವಾಗಿ ಸಾಲು ಕಟ್ಟುತ್ತಿದ್ದ ಮನುಷ್ಯ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನನಗದು ತಿಳಿದಿರಲಿಲ್ಲ. ತಂತಿಯ ಒಳಗನ್ನು ಬಗೆದು ನೋಡುವ ಕುತೂಹಲಿ ನಾನು!

"ಬಲ್ಬ್ ಇದ್ದಾಗ್ಲೂ ಹೀಗೆ ನೋಡ್ತಿದ್ರಾ?"

"ನೋಡ್ತಿದ್ದೆ. ಆ ಮಾವನ ಮದ್ವೆ ಕಾಗ್ದ ಆದ ಮ್ಯಾಕೆ ಒಂದ್ ಆಳೆನೂ ಓದ್ದೆ ಬುಟ್ಟಿಲ್ಲ."

"ಮತ್ತೆ ತಪ್ಪು ಕಂಡ್ರೆ ಯಾಕೆ ಹೇಳ್ತಿರ್ಲಿಲ್ಲ?"

"ನೀವು ಬಲ್ಬ್ ಒತ್ತುಸ್ತಿದ್ರಲ್ಲ. ಒಂದೊಂದ್ ಕಿತ ತಡ ಆಗೋದು. ಆಗ ಮಿಸನ್ ನಿದಾನ ಮಾಡ್ಕಂಡ್ ಕಾಯ್ತಿದ್ದೆ."

"ನಾನು ಒತ್ತದೇ ಇದ್ರೆ?"

ಮುನಿಯಪ್ಪ ಬಟ್ಟೆಯನ್ನು ಮಡಿಸಿದ. ಹೇಳಲೋ ಬೇಡವೋ ಎಂಬಂತಿತ್ತು ಅವನ ಮುಖ. "ಕಲರ್ ಸರಿ ಐತಾ ಅಂತ ಮ್ಯಾಕೆ ಒಂದ್ ಆಳೆ ಕಳುಸ್ತಿರ್ಲಿಲ್ವಾ, ಯಾವಾಗ್ಲಾದ್ರೂ?"

ಕಳಿಸುತ್ತಿದ್ದ. ವರ್ಷದಲ್ಲಿ ಮೂರು ನಾಲ್ಕು ಸಲ. ಬಣ್ಣ ನೋಡುವುದು ನನ್ನ ಕೆಲಸವಲ್ಲ ಎಂದು ಗೊಣಗುತ್ತಲೇ ನಾನು ಹಾಳೆ ಹಿಡಿಯುತ್ತಿದ್ದೆ. ಆಗೆಲ್ಲ ಫಕ್ಕನೆ ಒಂದು ತಪ್ಪು ಕಣ್ಣಿಗೆ ಬೀಳುತ್ತಿತ್ತು. ಗುಂಡಿ ಒತ್ತುತ್ತಿದ್ದೆ. ಪುಷ್ಪಾಳಿಗೆ, "ನೋಡಿದ್ಯಾ, ಬಣ್ಣ ನೋಡು ಅಂತ ಕಳಿಸಿದ್ರೆ ನಾನು ಅಕ್ಷರ ಹಿಡಿದೆ!" ಎಂದು ಬೀಗುತ್ತಿದ್ದೆ. ಮನೆಗೆ ಬಂದು ಹೆಂಡತಿಯ ಮುಂದೆಯೂ ಹೇಳಿಕೊಂಡದ್ದುಂಟು.

"ನೇರವಾಗಿ ಹೇಳ್ಬೋದಿತ್ತಲ್ಲ ಮುನಿಯಪ್ಪ."

"ತಪ್ಪು ಇಡಿಯೋದು ನಿಮ್ ಕೆಲ್ಸ ಸಾ. ಮಿಸನ್ನೋನು ಇಡುದ ಅಂದ್ರೆ ಯಜಮಾನ್ರು ನಿಮ್ಮನ್ನ ಏನಂತಿದ್ರೋ. ಇವತ್ತು ಬಲ್ಬಿಲ್ಲ, ನಿಲ್ಲುಸ್ದೆ."

ಆ ಹೊತ್ತಿನಲ್ಲಿ ನನಗಾದದ್ದು ನಾಚಿಕೆಯೋ, ಸಮಾಧಾನವೋ ಎಂದು ಬಿಡಿಸಿ ಹೇಳಲಾರೆ. ಅವನ ಮಸಿ ಮೆತ್ತಿದ ಕೈ ಹಿಡಿದುಕೊಂಡೆ. ಅವನು, "ಅಂಗಿಗೆ ಅಂಟ್ತದೆ ಬುಡಿ ಸಾ" ಎಂದು ಕೊಸರಿಕೊಂಡ.

ಶೇಖರನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಟ್ಟರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವನು ಬಯ್ಯಲಿಲ್ಲ. ಜೋರಾಗಿ ನಕ್ಕು, "ಹಾಗಾದ್ರೆ ನಮ್ ಪ್ರೆಸ್ಸಲ್ಲಿ ಇಬ್ರು ಮೇಷ್ಟ್ರು ಅನ್ನಿ" ಎಂದ. ತಂತಿಯಿಲ್ಲದ ಬೆಲ್ಲನ್ನು ರೆಹಾನಾ ಮುಂದಿನ ವಾರ ತಂದು ಹಾಕಿದಳು. ಕೆಲಸ ಮಾಡುತ್ತಿತ್ತು. ಆದರೆ ಅಷ್ಟರಲ್ಲಿ ನನಗೊಂದು ಹೊಸ ಅಭ್ಯಾಸವಾಗಿತ್ತು. ಯಂತ್ರದಿಂದ ಮೊದಲ ಹಾಳೆ ಬರುವ ಹೊತ್ತಿಗೆ ಕೆಳಗಿಳಿದು ಮುನಿಯಪ್ಪನ ಪಕ್ಕ ನಿಲ್ಲುತ್ತಿದ್ದೆ. ಅವನು ತಲೆಕೆಳಗಾಗಿ ಓದುತ್ತಿದ್ದ, ನಾನು ನೆಟ್ಟಗೆ.

ಭೂಪಟದ ಕೊನೆಯ ಪುಟದಲ್ಲಿ ಕೆಲಸ ಮಾಡಿದವರ ಹೆಸರು ಹಾಕುವುದೆಂದಾಯಿತು. ಕರಡು ತಿದ್ದಿದವರು ಎಂಬಲ್ಲಿ ನನ್ನ ಹೆಸರಿನ ಜೊತೆ ಮುನಿಯಪ್ಪನದೂ ಇರಲಿ ಎಂದು ನಾನು ಹಟ ಹಿಡಿದೆ. ಶೇಖರ್ ಒಪ್ಪಿದ. ಮುನಿಯಪ್ಪನಿಗೆ ಹೇಳದೆ ಅಚ್ಚರಿಪಡಿಸೋಣ ಎಂದು ನಾನೇ ಬರೆದು ಪುಷ್ಪಾಳ ಕೈಗೆ ಕೊಟ್ಟೆ. ಹಾಕಿದ ಮೇಲೆ ಮೂರು ಸಲ ಓದಿದೆ. ತಪ್ಪಿರಲಿಲ್ಲ.

ಆ ಪುಟ ಯಂತ್ರಕ್ಕೇರಿದ ಬೆಳಿಗ್ಗೆ ನಾನು ಮುನಿಯಪ್ಪನ ಪಕ್ಕದಲ್ಲೇ, ಗುಟ್ಟು ಬಚ್ಚಿಟ್ಟುಕೊಂಡ ಹುಡುಗನ ಹಾಗೆ ನಿಂತಿದ್ದೆ. ಮೊದಲ ಹಾಳೆ ಬಂತು. ಅವನು ಎತ್ತಿಕೊಂಡು ಓದಿದ. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಂದು ಸಾಲಿನ ಮೇಲೆ ಕಣ್ಣು ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಕೈ ಚಾಚಿ ಯಂತ್ರ ನಿಲ್ಲಿಸಿದ.

"ಏನಾಯ್ತು ಮುನಿಯಪ್ಪ?"

"ತಪ್ಪೈತೆ ಸಾ."

"ಎಲ್ಲಿ?"

ಬೆರಳಿಟ್ಟು ತೋರಿಸಿದ. ತನ್ನದೇ ಹೆಸರಿನ ಮೇಲೆ. "ನನ್ನೆಸ್ರು ಮುನಿಶಾಮಪ್ಪ. ಮುನಿಯಪ್ಪ ಅಂತ ಯಜಮಾನ್ರ ತಂದೆ ಕರುದ್ರು. ಆಮ್ಯಾಕೆ ಎಲ್ರೂ ಅಂಗೇ ಕರುದ್ರು." ಅವನ ದನಿಯಲ್ಲಿ ದೂರಿರಲಿಲ್ಲ. ಕಣ್ಣು ಮಾತ್ರ ತುಂಬಿತ್ತು. "ಕರ್ಯೋದು ಎಂಗಾರ ಕರೀರಿ ಸಾ. ಆದ್ರೆ ಇದು ಅಚ್ಚಾಯ್ತದಲ್ಲ."

ನಾನು ಎರಡು ಮಹಡಿ ಹತ್ತಿದೆ. ಪುಷ್ಪಾಳ ಪಕ್ಕ ನಿಂತು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಅವಳು ಕಳಿಸಿದಳು. ನಾನು ಕಂಬಿ ಹಿಡಿದು ಮತ್ತೆ ಮೆಟ್ಟಿಲಿಳಿದು ಬರುವಷ್ಟರಲ್ಲಿ ಆ ಹೆಸರು ನನಗಿಂತ ಮೊದಲೇ ಕೆಳಗೆ ತಲುಪಿ ಪ್ಲೇಟಿಗೆ ಸಿದ್ಧವಾಗಿತ್ತು.

ಹೊಸ ಹಾಳೆ ಬಂದಾಗ ಮುನಿಶಾಮಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ತಲೆಕೆಳಗಾಗಿ ಓದಿದ, ಆಮೇಲೆ ನೆಟ್ಟಗೆ ಓದಿದ.

"ಈಗ ಸರಿ ಐತೆ" ಎಂದು ಹಾಳೆಯನ್ನು ನನ್ನ ಕೈಗಿಟ್ಟ. "ನಿಮ್ಮೆಸ್ರೂ ಒಂದ್ ಕಿತ ನೋಡ್ಕಂಡ್ಬುಡಿ ಸಾ."

ನಾನು ಕನ್ನಡಕ ಸರಿಮಾಡಿಕೊಂಡು, ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.